ವಿಶೇಷ ಶಾಲೆಯವರಿಗೆ ಕಾನೂನು ತರಬೇತಿ: ಊಟದ ಹೊತ್ತಿಗೆ ಹೋದರೂ ನಷ್ಟವಿಲ್ಲ

ಒಂದು ದಿನದ ತರಬೇತಿ. ಊಟ ಸೇರಿ 1,500 ರೂಪಾಯಿ. ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ಹಾಲ್‌ನಲ್ಲಿ ಇತ್ತು. ನಡೆಸಿದವರ ಹೆಸರು ಬೇಡ, ಸ್ವಲ್ಪ ಬೈಯಲಿಕ್ಕೂ ಉಂಟು.

ನಾನು ಉಡುಪಿ ಕಡೆಯ ಒಂದು ವಿಶೇಷ ಶಾಲೆಯ ಆಡಳಿತ ನೋಡಿಕೊಳ್ಳುವವಳು. ನಮ್ಮ ಪಾಡು ಗೊತ್ತಲ್ವಾ? ಹೆಸರಿಗೆ ಶಾಲೆ, ಆದರೆ ಅನುದಾನದ ಕಡತ ಹೋಗುವುದು ವಿಕಲಚೇತನರ ಸಬಲೀಕರಣ ಇಲಾಖೆಗೆ. ಟೀಚರ್‌ಗಳ ನೋಂದಣಿ ದೆಹಲಿಯ ಆರ್‌ಸಿಐಯಲ್ಲಿ, ಅಂದರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ. ಯಾವ ಕಾಗದ ಎಲ್ಲಿಗೆ ಅಂತ ಹೇಳಿಕೊಡುವವರು ಸಿಕ್ಕಿದರೆ ದುಡ್ಡು ಕೊಡಲು ನಾವು ರೆಡಿ.

ಬೆಳಗ್ಗೆ ವಕೀಲರೊಬ್ಬರ ಪಾಠ. 1995ರ ಕಾಯ್ದೆಯ ಜಾಗಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು, ಅಂಗವೈಕಲ್ಯದ ವಿಧಗಳು ಈಗ 21, ಶೇ. 40ಕ್ಕೆ ಕಡಿಮೆ ಇಲ್ಲದಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಸ್ಲೈಡ್ ಹಾಕಿ ಓದಿದ್ದೇ ಓದಿದ್ದು. ಆ ಹಾಲ್‌ನಲ್ಲಿ ಇದು ಗೊತ್ತಿಲ್ಲದವರು ಯಾರೂ ಇರಲಿಲ್ಲ ಮಾರಾಯ್ರೆ. ನನ್ನ ಹಿಂದಿನ ಸಾಲಿನಿಂದ ಗೊರಕೆ ಕೇಳಿತು.

ಅವರು ಚೆನ್ನಾಗಿ ಹೇಳಿದ್ದು ಪೋಕ್ಸೊ ಬಗ್ಗೆ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ. ಸಿಬ್ಬಂದಿಯ ಮೇಲೆ ದೂರು ಬಂದರೆ 'ಮೊದಲು ಕಮಿಟಿ ಮೀಟಿಂಗ್ ಕರೆಯೋಣ' ಅನ್ನುವ ಹಾಗೇ ಇಲ್ಲ. ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಸಂಸ್ಥೆಯ ಮುಖ್ಯಸ್ಥರಿಗೇ ಕಲಂ 21ರಲ್ಲಿ ಒಂದು ವರ್ಷದವರೆಗೆ ಜೈಲು. ಮಾತು ಬಾರದ ಮಗುವಿನ ಹೇಳಿಕೆ ಪಡೆಯುವಾಗ ವಿಶೇಷ ಶಿಕ್ಷಕರ ಸಹಾಯ ತೆಗೆದುಕೊಳ್ಳಲು ಅದೇ ಕಾಯ್ದೆಯಲ್ಲಿ ಅವಕಾಶ ಉಂಟು. ಇದನ್ನು ಹೇಳಿದಾಗ ಮಾತ್ರ ಎಲ್ಲರೂ ಪೆನ್ನು ತೆಗೆದರು.

ಊಟ ಸುಮಾರು. ಸಾರು ಚೆನ್ನಾಗಿತ್ತು.

ಮಧ್ಯಾಹ್ನ ಕೂತವರು ಒಬ್ಬ ನಿವೃತ್ತ ಸೂಪರಿಂಟೆಂಡೆಂಟ್. ಸ್ಲೈಡ್ ಇಲ್ಲ, ಮೈಕೂ ಇಲ್ಲ. 'ನಿಮ್ಮ ಫೈಲು ಕೊಡಿ' ಅಂದರು. ನಮ್ಮ ಸಿಬ್ಬಂದಿ ಫೈಲನ್ನು ಒಂದೊಂದೇ ಹಾಳೆ ತಿರುವುತ್ತಾ ಹೋದರು. ಒಬ್ಬ ಟೀಚರ್‌ನ ಆರ್‌ಸಿಐ ಪ್ರಮಾಣಪತ್ರದ ಜೆರಾಕ್ಸ್‌ನಲ್ಲಿ ನಿಂತರು. ಹೆಸರು, ನಂಬರ್ ಎಲ್ಲ ಸರಿ ಇತ್ತು. ಕೆಳಗೆ ಅವಧಿ ಮುಗಿಯುವ ತಾರೀಖು ಬರುವ ಮೂಲೆ ಮಾತ್ರ ಕಪ್ಪಾಗಿ ಬಂದಿತ್ತು. ಇನ್‌ಸ್ಪೆಕ್ಷನ್‌ಗೆ ಬಂದವರು ಮೊದಲು ನೋಡುವುದು ಅದೇ ಮೂಲೆ, ನವೀಕರಣಕ್ಕೆ ಬೇಕಾದ ಸಿಆರ್‌ಇ (ಟೀಚರ್‌ಗಳ ಮುಂದುವರಿದ ತರಬೇತಿ) ಅಂಕಗಳ ಪತ್ರಗಳನ್ನೂ ಅದರ ಹಿಂದೆಯೇ ಪಿನ್ ಮಾಡಿ ಅಂದರು. ಶಾಲೆಯ ನೋಂದಣಿ ನವೀಕರಣದ ಅರ್ಜಿ ಅವಧಿ ಮುಗಿಯುವ 60 ದಿನ ಮೊದಲೇ ಹೋಗಬೇಕು, ಸೀಲ್ ಹೊಡೆದ ಸ್ವೀಕೃತಿ ಕೈಗೆ ಬರುವವರೆಗೆ ಕೌಂಟರ್ ಬಿಟ್ಟು ಅಲ್ಲಾಡಬೇಡಿ ಅಂತಲೂ ಹೇಳಿದರು. 2016ರ ಕಾಯ್ದೆಯಲ್ಲಿ ದಿನದ ಲೆಕ್ಕ ಇದೆ, ಕೌಂಟರ್ ವಿಷಯ ಇಲ್ಲ.

ಹೆಚ್ಚು ಹೊತ್ತು ಹೋದದ್ದು 18 ತುಂಬಿದವರ ವಿಷಯಕ್ಕೆ. ಬುದ್ಧಿಮಾಂದ್ಯ ಮಗನಿಗೆ 18 ಆದ ಮೇಲೂ ಅಮ್ಮನ ಸಹಿ ಹಾಕಿಸಿಕೊಂಡರೆ ಸಾಕು ಅಂತ ಎಷ್ಟೋ ಶಾಲೆಗಳು ತಿಳಿದಿವೆ. ಸಾಲದು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಯಿಂದ ಪೋಷಕತ್ವದ ಪತ್ರ ಪಡೆಯಬೇಕು. ಉಡುಪಿಯವರಿಗೆ ಅಂದರೆ ಮಣಿಪಾಲದ ಜಿಲ್ಲಾಧಿಕಾರಿ ಕಚೇರಿ ರಜತಾದ್ರಿಗೆ ಓಡಾಟ. ಭರ್ತಿ ಮಾಡಿದ ಮಾದರಿ ಅರ್ಜಿಯನ್ನು ತೋರಿಸಿ, ಫೋಟೊ ಹೊಡೆದುಕೊಳ್ಳಲು ಬಿಟ್ಟರು. ನನಗೆ 1,500 ರೂಪಾಯಿ ಅಲ್ಲಿಗೇ ವಸೂಲಾಯಿತು.

ಇನ್ನು ಬೈಗುಳ. ಅಂಗವಿಕಲರ ಹಕ್ಕಿನ ಬಗ್ಗೆ ತರಬೇತಿ, ಹಾಲ್‌ನ ಬಾಗಿಲಲ್ಲಿ ಮೆಟ್ಟಿಲು! ವೀಲ್‌ಚೇರ್‌ನಲ್ಲಿ ಬಂದಿದ್ದ ಮುಖ್ಯಶಿಕ್ಷಕರೊಬ್ಬರನ್ನು ಎತ್ತಿ ಒಳಗೆ ತರಬೇಕಾಯಿತು. ಸಂಘಟಕರು 'ಸಾರಿ ಸರ್' ಅಂದರು, ಅಷ್ಟೇ. ಕೊಟ್ಟ ಪುಸ್ತಕ ಪೂರ್ತಿ ಇಂಗ್ಲಿಷ್. ಈ ಕಾಗದಪತ್ರ ನಿಜವಾಗಿ ಮಾಡುವುದು ನಮ್ಮ ಕ್ಲರ್ಕ್, ಅವರು ಅದನ್ನು ಓದಿ ಏನು ಮಾಡಬೇಕು?

ಐದಕ್ಕೆ ಮೂರು ಸ್ಟಾರ್. ಮೂರೂ ಮಧ್ಯಾಹ್ನಕ್ಕೆ. ಮುಂದಿನ ಸಲ ಉಡುಪಿಯಲ್ಲೇ ಇಡುತ್ತಾರಂತೆ. ಹೋಗುವವರು ಕ್ಲರ್ಕನ್ನೂ ಕರೆದುಕೊಂಡು ಹೋಗಿ, ಎರಡನೆಯವರಿಗೆ ಅರ್ಧ ಶುಲ್ಕ. ಫೈಲು ಮಾತ್ರ ಮೂಲ ಪ್ರತಿಯದ್ದೇ ಇರಲಿ.