ಊಟಿ ರೈಲು: ಟಿಕೆಟ್ ತೆಗೆಸುವ ಮುಂಚೆ ಯಾವ ತುಂಡು ಬೇಕೆಂದು ತೀರ್ಮಾನಿಸಿ

ಊಟಿಗೆ ಹೋಗಿಬಂದ ಬಹಳ ಮಂದಿ ‘ಟಾಯ್ ಟ್ರೈನಲ್ಲೂ ಕೂತ್ವಿ’ ಅನ್ನುತ್ತಾರೆ. ಸ್ವಲ್ಪ ವಿಚಾರಿಸಿದರೆ ಊಟಿಯಲ್ಲಿ ಹತ್ತಿ, ಕೂನೂರಿನಲ್ಲಿ ಇಳಿದು, ಟ್ಯಾಕ್ಸಿಯಲ್ಲಿ ವಾಪಸ್ ಬಂದಿರುತ್ತಾರೆ. ಆ ಗಾಡಿಯನ್ನು ಎಳೆಯುವುದು ಡೀಸೆಲ್ ಎಂಜಿನ್. ಉಗಿ ಇಲ್ಲ, ಹಲ್ಲುಪಟ್ಟಿ (ಕಡಿದಾದ ಏರಿನಲ್ಲಿ ಎಂಜಿನ್ ಕಚ್ಚಿ ಹಿಡಿಯುವ ಹಲ್ಲಿನ ಪಟ್ಟಿ) ಇಲ್ಲ. ಚಹಾ ತೋಟ, ನೀಲಗಿರಿ ಮರಗಳ ನಡುವಿನ ಚಂದದ ಪ್ರಯಾಣ ಹೌದು, ಆದರೆ ಈ ಮಾರ್ಗ ಲೋಕಪ್ರಸಿದ್ಧವಾದದ್ದು ಅದಕ್ಕಲ್ಲ. ನೀಲಗಿರಿ ಪರ್ವತ ರೈಲ್ವೆಯ ನಿಜವಾದ ಸರಕು ಇರುವುದು ಕೆಳಗಡೆ, ಕಲ್ಲಾರಿನಿಂದ ಕೂನೂರಿನವರೆಗಿನ ಸುಮಾರು 20 ಕಿ.ಮೀ. ಘಾಟಿಯಲ್ಲಿ. ಹಳೆ ಎಂಜಿನ್‌ಗಳ ಬಗ್ಗೆ ಒಂದಿಷ್ಟಾದರೂ ಆಸಕ್ತಿ ಇರುವವರು ಬೆಟ್ಟದ ಬುಡದ ಮೆಟ್ಟುಪಾಳ್ಯಂನಲ್ಲೇ ಹತ್ತಬೇಕು. ಐದರಲ್ಲಿ ಅಂಕ ಕೊಡುವುದಾದರೆ ಮೆಟ್ಟುಪಾಳ್ಯಂ–ಕೂನೂರು ತುಂಡಿಗೆ ನಾಲ್ಕೂವರೆ, ಕೂನೂರು–ಊಟಿಗೆ ಮೂರು.

ಲೆಕ್ಕ ಹೀಗಿದೆ. ಮೀಟರ್ ಗೇಜ್ ಹಳಿ, ಒಟ್ಟು ಉದ್ದ 46 ಕಿ.ಮೀ. ಮೆಟ್ಟುಪಾಳ್ಯಂ ಇರುವುದು ಸಮುದ್ರಮಟ್ಟದಿಂದ 326 ಮೀ. ಎತ್ತರದಲ್ಲಿ, ಊಟಿ 2,203 ಮೀ. ನಡುವೆ 208 ತಿರುವು, 250 ಸೇತುವೆ, 16 ಸುರಂಗ. ಕೂನೂರಿನವರೆಗಿನ ಮಾರ್ಗ 1899ರಲ್ಲಿ ತೆರೆಯಿತು, ಗಾಡಿ ಊಟಿ ಮುಟ್ಟಿದ್ದು 1908ರಲ್ಲಿ. ಘಾಟಿಯ ಕಡಿದಾದ ಜಾಗದಲ್ಲಿ ಏರು 12ಕ್ಕೆ 1, ಅಂದರೆ 12 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರು 50ಕ್ಕೆ 1. ಅಲ್ಲೇ ಗೂಡ್ಸ್ ಗಾಡಿಗಳಿಗೆ ಹಿಂದೆ ಮುಂದೆ ಎಂಜಿನ್ ಕಟ್ಟಬೇಕಾಗುತ್ತದೆ. ನುಣುಪು ಚಕ್ರ, ನುಣುಪು ಹಳಿ ಇಟ್ಟುಕೊಂಡು 12ಕ್ಕೆ 1 ಹತ್ತಲು ಹೊರಟರೆ ಚಕ್ರ ನಿಂತಲ್ಲೇ ಸುತ್ತುತ್ತದೆ. ಹಾಗಾಗಿ ಎರಡು ಹಳಿಗಳ ನಟ್ಟನಡುವೆ ಹಲ್ಲುಪಟ್ಟಿ.

ಇದು ಸ್ವಿಟ್ಜರ್ಲೆಂಡಿನ ಆಬ್ಟ್ ಪದ್ಧತಿಯದು. ಅಕ್ಕಪಕ್ಕ ಎರಡು ಪಟ್ಟಿ, ಒಂದರ ಹಲ್ಲು ಇನ್ನೊಂದರ ಸಂದಿಗೆ ಎದುರಾಗುವಂತೆ ಅರ್ಧ ಹಲ್ಲಿನಷ್ಟು ಸರಿಸಿ ಕೂರಿಸಿದ್ದಾರೆ. ಎಂಜಿನ್‌ನ ಹಲ್ಲುಚಕ್ರವೂ ಜೋಡಿಯೇ. ಒಂದು ಹಲ್ಲು ಬಿಡುವ ಹೊತ್ತಿಗೆ ಪಕ್ಕದ ಹಲ್ಲು ಪೂರ್ತಿ ಕಚ್ಚಿರುತ್ತದೆ, ಗಾಡಿ ಕುಕ್ಕುವುದಿಲ್ಲ. ಎರಡು ಪಟ್ಟಿಗಳ ಜೋಡಣೆ ಒಂದೇ ಜಾಗದಲ್ಲಿ ಬರದಂತೆ ಹಿಂದುಮುಂದು ಮಾಡಿರುತ್ತಾರೆ. ಯಾಕೆಂದರೆ ಕೆಡುವುದು ಹೆಚ್ಚಾಗಿ ಜೋಡಣೆಯಲ್ಲೇ. ಅಲ್ಲಿ ಸಂದಿ ಹಿಗ್ಗಿದರೆ ಹಲ್ಲಿನಿಂದ ಹಲ್ಲಿಗಿರುವ ಅಂತರ ತಪ್ಪುತ್ತದೆ, ಚಕ್ರದ ಹಲ್ಲು ಸಂದಿಗಿಳಿಯುವ ಬದಲು ಪಟ್ಟಿಯ ಹಲ್ಲಿನ ತುದಿಯ ಮೇಲೆ ಹತ್ತುತ್ತದೆ. ಇಂಥ ಇಳಿಜಾರಿನಲ್ಲಿ ಹಳಿಗಳೂ ನಿಧಾನಕ್ಕೆ ಕೆಳಮುಖವಾಗಿ ಜಾರುತ್ತಿರುತ್ತವೆ. ಅಲ್ಲಲ್ಲಿ ಬಿಗಿದು ಹಿಡಿಯದಿದ್ದರೆ ಮೇಲೆ ಸಂದಿ ಅಗಲವಾಗಿ ಕೆಳಗೆ ಹಳಿ ಒತ್ತಿಕೊಳ್ಳುತ್ತದೆ. ಮಳೆ ಗ್ರೀಸನ್ನು ತೊಳೆದುಕೊಂಡು ಹೋದರೆ ಹಲ್ಲಿನ ಸವೆತ ಜೋರು. ದಿನಾ ಓಡುವ ಇಂಥ ಮಾರ್ಗವನ್ನು ಉಳಿಸಿಕೊಳ್ಳುವ ಕೆಲಸದ ಬಹುಪಾಲು ಹೊಳೆಯುವ ಎಂಜಿನ್ ಹತ್ತಿರ ನಡೆಯುವುದಿಲ್ಲ, ಸ್ಪ್ಯಾನರ್ ಮತ್ತು ಗ್ರೀಸ್ ಡಬ್ಬ ಹಿಡಿದು ಹಳಿ ಮೇಲೆ ನಡೆಯುವವರ ಕೈಯಲ್ಲಿದೆ.

ಕಲ್ಲಾರಿನಲ್ಲಿ ಕಿವಿ ಕಣ್ಣು ಎರಡೂ ಎಚ್ಚರವಾಗಿರಲಿ. ಮೆಟ್ಟುಪಾಳ್ಯಂನಿಂದ ಅಲ್ಲಿಯ ತನಕ 8 ಕಿ.ಮೀ. ಬಯಲು, ಗಾಡಿ 30 ಕಿ.ಮೀ. ವೇಗದವರೆಗೂ ಓಡುತ್ತದೆ. ಹಲ್ಲುಪಟ್ಟಿ ಶುರುವಾಗುವಲ್ಲಿ ನಡಿಗೆಯ ವೇಗಕ್ಕೆ ಇಳಿಯುತ್ತದೆ. ಪಟ್ಟಿಯ ಮೊದಲ ತುಂಡು ಸ್ಪ್ರಿಂಗ್ ಮೇಲೆ ಕೂತಿರುತ್ತದೆ, ಹಲ್ಲು ಹಲ್ಲಿಗೆ ಡಿಕ್ಕಿಯಾದರೆ ಬಗ್ಗಿ ದಾರಿ ಕೊಡಲಿ ಅಂತ. ಡ್ರೈವರ್ ಅಲ್ಲಿಗೆ ಮುಟ್ಟುವ ಮುಂಚೆಯೇ ಹಲ್ಲುಚಕ್ರದ ಸಿಲಿಂಡರುಗಳಿಗೆ ಉಗಿ ಬಿಟ್ಟು, ಚಕ್ರ ತಿರುಗಿಸಿಕೊಂಡೇ ಬರುತ್ತಾರೆ. ನಿಂತ ಚಕ್ರ ಪಟ್ಟಿಗೆ ಬಡಿದರೆ ಹಲ್ಲು ಮುರಿಯುತ್ತದೆ. ಎಂಜಿನ್‌ಗೆ ಹತ್ತಿರದ ಬೋಗಿಯಲ್ಲಿ ಕೂತಿದ್ದರೆ ಸದ್ದು ಬದಲಾಗುವುದು ಚೆನ್ನಾಗಿ ಕೇಳುತ್ತದೆ. ಅಲ್ಲಿಯ ತನಕ ಬರುತ್ತಿದ್ದ ಬಿಡಿ ಬಿಡಿ ‘ಛುಕ್’ ಹೋಗಿ, ಒತ್ತೊತ್ತಾದ, ಮೆದುವಾದ ಉಸಿರಾಟ ಶುರುವಾಗುತ್ತದೆ. ಅಲ್ಲಿಂದ ಮುಂದೆ ವೇಗ 13 ಕಿ.ಮೀ. ಆಸುಪಾಸು.

ಸದ್ದು ಬದಲಾಗುವುದಕ್ಕೆ ಕಾರಣ ಎಂಜಿನ್‌ನ ಹೊಟ್ಟೆಯೊಳಗಿದೆ. ಎಕ್ಸ್ ವರ್ಗದ ಈ ಎಂಜಿನ್‌ಗಳು ಮೂಲದಲ್ಲಿ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಕಾರ್ಖಾನೆಯವು. ಒಂದೊಂದಕ್ಕೂ ನಾಲ್ಕು ಸಿಲಿಂಡರ್, ಪಕ್ಕಕ್ಕೆರಡು, ಒಂದರ ಮೇಲೊಂದು. ಕೆಳಗಿನ ಜೋಡಿ ಸಾದಾ ಚಕ್ರಗಳನ್ನು ತಿರುಗಿಸುತ್ತದೆ; ಬಾಯ್ಲರಿನ ಉಗಿ ಮೊದಲು ಹೋಗುವುದು ಇದಕ್ಕೆ. ಬಯಲಿನಲ್ಲಿ ಆ ಉಗಿ ಅಲ್ಲಿಂದಲೇ ಚಿಮಣಿಗೆ. ಹಲ್ಲುಪಟ್ಟಿಯ ಮೇಲೆ ಬಂದಾಗ, ಕೆಳಗಿನ ಸಿಲಿಂಡರಿನಲ್ಲಿ ದುಡಿದು ಹೊರಬಂದ ಉಗಿಯನ್ನು ಬಿಸಾಡದೆ ಮೇಲಿನ ಜೋಡಿಗೆ ತಿರುಗಿಸುತ್ತಾರೆ. ಹಲ್ಲುಚಕ್ರವನ್ನು ತಿರುಗಿಸುವುದು ಆ ಜೋಡಿ. ಒಂದೇ ಉಗಿಗೆ ಎರಡು ಸಲ ಕೆಲಸ. ನಡುವೆ ಗೇರ್ ಇರುವುದರಿಂದ ಮೇಲಿನ ರಾಡುಗಳು ಕೆಳಗಿನವುಗಳ ವಿರುದ್ಧ ದಿಕ್ಕಿಗೆ, ಅವಕ್ಕಿಂತ ಬೇಗ ಸುತ್ತುತ್ತವೆ. ಯಾವುದಾದರೂ ದೊಡ್ಡ ತಿರುವಿನಲ್ಲಿ ಕಿಟಕಿಯಿಂದ ಹಿಂದಕ್ಕೆ ನೋಡಿದರೆ ಇದು ಕಾಣುತ್ತದೆ. (ತಲೆ, ಮೊಬೈಲು ಎರಡೂ ಒಳಗಿರಲಿ. ಬಂಡೆ ಕೊರೆದ ಜಾಗದಲ್ಲಿ ಬೋಗಿಗೂ ಬಂಡೆಗೂ ಅಂತರ ಬಹಳ ಕಡಿಮೆ.)

ಹಿಂದಕ್ಕೆ ಯಾಕೆ ಅಂದರೆ, ಏರುವಾಗ ಎಂಜಿನ್ ಇರುವುದೇ ಹಿಂದೆ. ಅದು ಗಾಡಿಯನ್ನು ಎಳೆಯುವುದಿಲ್ಲ, ನೂಕುತ್ತದೆ. ನಡುವಿನ ಕೊಂಡಿ ಕಳಚಿದರೂ ಬೋಗಿಗಳು ಎಂಜಿನ್‌ಗೇ ಒರಗುತ್ತವೆಯೇ ಹೊರತು ಇಳಿಜಾರಿನಲ್ಲಿ ಓಡಿಹೋಗುವುದಿಲ್ಲ. ಡ್ರೈವರಿಗೆ ಮುಂದಿನ ದಾರಿ ಕಾಣದ ಕಾರಣ ಮುಂದಿನ ಬೋಗಿಯ ಬ್ರೇಕ್‌ಮನ್ನೇ ಅವರ ಕಣ್ಣು. ಪ್ರತಿ ಬೋಗಿಯಲ್ಲೂ ಒಬ್ಬ ಬ್ರೇಕ್‌ಮನ್, ಕೈಯಲ್ಲಿ ಹಸಿರು ಕೆಂಪು ಬಾವುಟ. ಈ ಬಾವುಟ ಪ್ರವಾಸಿಗರಿಗೆ ತೋರಿಸುವ ನಾಟಕವಲ್ಲ, ಗಾಡಿ ಓಡುವುದೇ ಅದರ ಮೇಲೆ.

ಸೀಟು ಆರಿಸುವಾಗ ಇದನ್ನೇ ನೆನಪಿಡಿ. ನೋಟ ಬೇಕಾದರೆ ಮುಂದಿನ ಬೋಗಿ, ಅದು ಫಸ್ಟ್ ಕ್ಲಾಸ್. ಎಂಜಿನ್ ಬೇಕಾದರೆ ಕಟ್ಟಕಡೆಯ ಬೋಗಿ. ಮುಂದಿನ ಬೋಗಿಯ ಟಿಕೆಟ್‌ಗಾಗಿ ಹೆಚ್ಚು ದುಡ್ಡು ಸುರಿದು, ಕೊನೆಗೆ ಎಂಜಿನ್ ಸದ್ದೇ ಕೇಳಲಿಲ್ಲ ಎಂದು ಗೊಣಗುವವರು ಇದ್ದಾರೆ, ತಪ್ಪು ಗಾಡಿಯದಲ್ಲ. ಹೊಗೆಯ ಹೆದರಿಕೆಯೂ ಏರುವಾಗ ಅಷ್ಟಿಲ್ಲ, ಅದು ಬೋಗಿಗಳನ್ನು ಬಿಟ್ಟು ಹಿಂದಕ್ಕೇ ಹೋಗುತ್ತದೆ. ಸುರಂಗದಲ್ಲಿ ಮಾತ್ರ ಕಡೆಯ ಬೋಗಿಗೆ ಸ್ವಲ್ಪ ಘಾಟು.

ನೀರಿನ ನಿಲುಗಡೆ ಈ ಸೇವೆಯ ಅತ್ಯುತ್ತಮ ಭಾಗ. ಏರಿನಲ್ಲಿ ಎಂಜಿನ್ ನೀರು ಕುಡಿಯುವ ವೇಗಕ್ಕೆ ನಡುನಡುವೆ ತುಂಬಿಸದೆ ಗತಿಯಿಲ್ಲ. ಹಿಲ್‌ಗ್ರೋವ್‌ನಲ್ಲಿ ಇಳಿದು ಓಡಾಡುವಷ್ಟು ಸಮಯ ಸಿಗುತ್ತದೆ. ಎಲ್ಲರೂ ತಿಂಡಿಗೆ ಮತ್ತು ಕೋತಿಗಳ ಫೋಟೋಗೆ ಮುಗಿಬೀಳುತ್ತಾರೆ. ನೀವು ಎಂಜಿನ್ ಕಡೆ ನಡೆಯಿರಿ. ಸಿಬ್ಬಂದಿ ಬೇರಿಂಗುಗಳನ್ನು ಕೈಯಿಂದ ಮುಟ್ಟಿ ಬಿಸಿ ನೋಡುವುದು, ಎಣ್ಣೆ ಬಿಡುವುದು, ಸಿಲಿಂಡರಿನ ಗ್ಲ್ಯಾಂಡ್‌ಗಳಿಂದ (ರಾಡು ಹೊರಬರುವಲ್ಲಿನ ಬಿಗಿ ಮುಚ್ಚಳ) ಉಗಿ ಸೋರುತ್ತಿದೆಯೇ ಎಂದು ಬಗ್ಗಿ ನೋಡುವುದು ಎಲ್ಲವೂ ನಡೆಯುವುದು ಆಗಲೇ. ಕ್ಯಾಬಿನ ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ಕಂಡರೆ ಅದನ್ನೂ ಗಮನಿಸಿ. 12ಕ್ಕೆ 1 ಇಳಿಜಾರಿನಲ್ಲಿ ಬಾಯ್ಲರಿನ ಉದ್ದದ ಪ್ರತಿ ಮೀಟರಿಗೆ ನೀರು 8 ಸೆಂ.ಮೀ.ಗೂ ಹೆಚ್ಚು ಓರೆಯಾಗುತ್ತದೆ. ಕಡಿಮೆಯಾದರೆ ಒಂದು ತುದಿಯಲ್ಲಿ ಉಕ್ಕಿನ ತಗಡು ನೀರಿನಿಂದ ಹೊರಬಂದು ಬೆಂಕಿಗೆ ಕಾದು ಮೆತ್ತಗಾಗುತ್ತದೆ. ಹೆಚ್ಚಾದರೆ ಉಗಿಯ ಜೊತೆ ನೀರೂ ಸಿಲಿಂಡರಿಗೆ ನುಗ್ಗುತ್ತದೆ, ನೀರು ಕುಗ್ಗುವುದಿಲ್ಲ, ಸಿಲಿಂಡರಿನ ಮುಚ್ಚಳ ಒಡೆಯಬಹುದು. ಫೈರ್‌ಮನ್ ದಾರಿಯುದ್ದಕ್ಕೂ ಈ ಎರಡರ ನಡುವೆಯೇ ಕೆಲಸ ಮಾಡುತ್ತಿರುತ್ತಾರೆ.

ಈಗ ವಾದದ ವಿಷಯ. ಡಾರ್ಜಿಲಿಂಗ್ ರೈಲು 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು, ನೀಲಗಿರಿ 2005ರಲ್ಲಿ, ಕಾಲ್ಕಾ–ಶಿಮ್ಲಾ 2008ರಲ್ಲಿ. ಆದರೆ ನೀಲಗಿರಿಯಲ್ಲಿ ಇಂದು ಓಡುವ ಎಂಜಿನ್‌ಗಳೆಲ್ಲ ಹಳೆಯವಲ್ಲ. ತಿರುಚಿರಾಪಳ್ಳಿಯ ಪೊನ್ಮಲೈ ವರ್ಕ್‌ಶಾಪಿನಲ್ಲಿ ಅದೇ ಮಾದರಿಯ ಎಂಜಿನ್‌ಗಳನ್ನು ಹೊಸದಾಗಿ ಕಟ್ಟಿದ್ದಾರೆ, ಹೆಚ್ಚಿನವು ಕಲ್ಲಿದ್ದಲಿನ ಬದಲು ಎಣ್ಣೆ ಉರಿಸುವಂಥವು. 2021ರಲ್ಲಿ ಕಲ್ಲಿದ್ದಲಿನದೂ ಒಂದು ಬಂತು. ಬೋಗಿಗಳಲ್ಲೂ ಹೊಸವು ಸೇರಿವೆ. ‘ಹಾಗಾದರೆ ಇದೆಂಥ ಪರಂಪರೆ’ ಎಂದು ಮೂಗು ಮುರಿಯುವ ರೈಲುಪ್ರಿಯರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲ. ಬಾಯ್ಲರು, ಟ್ಯೂಬು, ಹಲ್ಲುಚಕ್ರ ಇವೆಲ್ಲ ಸವೆದು ಬದಲಾಗಲೆಂದೇ ಇರುವ ಭಾಗಗಳು; ನೂರು ವರ್ಷ ಓಡಿದ ಯಾವ ಎಂಜಿನ್‌ನಲ್ಲೂ ಕಾರ್ಖಾನೆಯಿಂದ ಬಂದ ಲೋಹ ಪೂರ್ತಿ ಉಳಿದಿರುವುದಿಲ್ಲ. ಬ್ರಿಟನ್ನಿನಲ್ಲಿ ಎ1 ವರ್ಗದ 49 ಎಂಜಿನ್‌ಗಳೂ ಗುಜರಿಗೆ ಹೋದ ಮೇಲೆ, ಆಸಕ್ತರ ಟ್ರಸ್ಟ್ ಒಂದು ಚಂದಾ ಎತ್ತಿ ‘ಟೊರ್ನಾಡೊ’ ಹೆಸರಿನಲ್ಲಿ ಐವತ್ತನೆಯದನ್ನು ಕಟ್ಟಿ 2008ರಲ್ಲಿ ಹಳಿಗಿಳಿಸಿತು. ಅದನ್ನು ಮೆಚ್ಚುವವರು ಪೊನ್ಮಲೈಯ ಕೆಲಸವನ್ನು ಹಳಿಯುವುದು ಸರಿಯಲ್ಲ. ನೀಲಗಿರಿಯಲ್ಲಿ ಉಳಿದಿರುವುದು ಒಂದು ವಿಧಾನ, ಅದನ್ನು ಬಲ್ಲ ಕೈಗಳು. ಮ್ಯೂಸಿಯಮ್ಮಿನಲ್ಲಿ ಬಣ್ಣ ಬಳಿದು ನಿಲ್ಲಿಸಿದ ಎಂಜಿನ್‌ಗೆ ಹಲ್ಲುಪಟ್ಟಿಯನ್ನು ಮೆಲ್ಲಗೆ ಕಚ್ಚಿಸುವುದು ಹೇಗೆಂದು ಯಾರಿಗೂ ಕಲಿಸಲು ಆಗುವುದಿಲ್ಲ.

ಎಣ್ಣೆಗೆ ಬದಲಾದದ್ದರ ಬಗ್ಗೆ ಮಾತ್ರ ಅರ್ಧ ಮನಸ್ಸು. ಕಿಡಿ ಹಾರಿ ಒಣಕಾಡಿಗೆ ಬೆಂಕಿ ಬೀಳುವ ಭಯ ಕಡಿಮೆ, ಏರಿನಲ್ಲಿ ಉಗಿ ಒತ್ತಡ ಹಿಡಿದಿಡುವುದೂ ಸುಲಭ. ಆದರೆ ಎಣ್ಣೆಯನ್ನು ಸಿಂಪಡಿಸುವ ಬರ್ನರಿನ ಬಾಯಿ ಕಟ್ಟಿಕೊಂಡರೆ ದಟ್ಟ ಕಪ್ಪು ಹೊಗೆ, ಟ್ಯೂಬುಗಳ ಒಳಗೆ ಮಸಿ. ಮಸಿ ಕೂತಷ್ಟೂ ಶಾಖ ನೀರಿಗೆ ದಾಟುವುದಿಲ್ಲ. ಕಪ್ಪು ಹೊಗೆ ಕಂಡು ಚಪ್ಪಾಳೆ ತಟ್ಟುವ ಪ್ರವಾಸಿಗರಿಗೆ ಗೊತ್ತಿರಲಿ, ಅದು ಚೆನ್ನಾಗಿ ಉರಿಯುತ್ತಿಲ್ಲ ಎಂಬುದರ ಗುರುತು.

ಕೂನೂರಿನಲ್ಲಿ ಉಗಿ ಎಂಜಿನ್ ಕಳಚಿ ಡೀಸೆಲ್ ಕಟ್ಟುತ್ತಾರೆ, ಗಾಡಿ ತುಸು ದೂರ ಹಿಂದಕ್ಕೆ ಹೋಗಿ ಊಟಿ ದಾರಿ ಹಿಡಿಯುತ್ತದೆ. ಅಲ್ಲಿಂದ ವೆಲಿಂಗ್ಟನ್, ಅರವಂಕಾಡು, ಕೇತಿ, ಲವ್‌ಡೇಲ್. ಏರು ಕೆಳಗಿನ ಘಾಟಿಯಷ್ಟು ಕಡಿದಲ್ಲ, ಹಲ್ಲುಪಟ್ಟಿ ಬೇಕಿಲ್ಲ. ಮಕ್ಕಳಿಗೆ ಅಷ್ಟು ಹೊತ್ತಿಗೆ ಬೇಸರ ಬಂದಿರುತ್ತದೆ. ಸುಸ್ತಾದವರು ಕೂನೂರಿನಲ್ಲೇ ಇಳಿದರೆ ಏನೂ ತಪ್ಪಿಹೋಗುವುದಿಲ್ಲ.

ಅನುಕೂಲದ ವಿಷಯದಲ್ಲಿ ಅರ್ಧ ಅಂಕ ಕಡಿಯಲೇಬೇಕು. ಬೋಗಿಯಲ್ಲಿ ಶೌಚಾಲಯವಿಲ್ಲ, ನಿಲ್ದಾಣಗಳೇ ಗತಿ. ವಯಸ್ಸಾದವರನ್ನು ಕರೆದೊಯ್ಯುವವರು ಮೊದಲೇ ಹೇಳಿಡಿ. ಸೀಟು ಇಕ್ಕಟ್ಟು, ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ದೊಡ್ಡ ಸೂಟ್‌ಕೇಸಿಗೆ ಜಾಗವಿಲ್ಲ. ಊಟಿ ಮುಟ್ಟಲು ಐದು ಗಂಟೆಯ ಹತ್ತಿರ ಬೇಕು, ಬಸ್ಸು ಅದಕ್ಕಿಂತ ಎಷ್ಟೋ ಬೇಗ. ದಾರಿಯಲ್ಲಿ ನೋಡುತ್ತಿರುವುದು ಏನೆಂದು ವಿವರಿಸುವವರಿಲ್ಲ. ಇಷ್ಟು ಅಪರೂಪದ ಯಂತ್ರಕ್ಕೆ ಸೀಟಿನ ಎದುರು ಒಂದು ಚಿತ್ರ, ನಾಲ್ಕು ಸಾಲು ಅಂಟಿಸಿದರೂ ಸಾಕಿತ್ತು.

ಗಾಡಿ ಮೆಟ್ಟುಪಾಳ್ಯಂ ಬಿಡುವುದು ಬೆಳಗ್ಗೆ 7:10ಕ್ಕೆ. ಮಾಮೂಲಿ ದಿನಗಳಲ್ಲಿ ಕೆಳಗಿನಿಂದ ಊಟಿಗೆ ಇರುವುದು ಇದೊಂದೇ. ಐಆರ್‌ಸಿಟಿಸಿಯಲ್ಲಿ ಬುಕಿಂಗ್ ತೆರೆದ ದಿನವೇ ತೆಗೆಸಿ. ಏಪ್ರಿಲ್–ಮೇ ತಿಂಗಳಿನ ಸೀಟು ಆಮೇಲೆ ಸಿಗುವುದು ಕಷ್ಟ. ಹುಡುಕುವಾಗ ‘ಕೂನೂರು–ಊಟಿ’ ಖಾಲಿ ಕಂಡಿತೆಂದು ಒತ್ತಿಬಿಡಬೇಡಿ, ಹತ್ತುವ ನಿಲ್ದಾಣ ಮೆಟ್ಟುಪಾಳ್ಯಂ ಎಂದೇ ಇರಬೇಕು. ಬೆಂಗಳೂರಿನವರಿಗೆ ಕೊಯಮತ್ತೂರಿನವರೆಗೆ ರೈಲು ಹಿಡಿದು, ಹಿಂದಿನ ರಾತ್ರಿ ಮೆಟ್ಟುಪಾಳ್ಯಂನಲ್ಲೇ ತಂಗುವುದು ನಿಶ್ಚಿಂತೆ. ಮೈಸೂರು ಕಡೆಯಿಂದ ಕಾರಿನಲ್ಲಿ ಬರುವವರು ಲೆಕ್ಕ ತಪ್ಪುವುದು ಇಲ್ಲೇ: ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, ನಸುಕಿನಲ್ಲಿ ಹೊರಟು ಗಾಡಿ ಹಿಡಿಯುವ ಮಾತೇ ಇಲ್ಲ. ಹಿಂದಿನ ದಿನವೇ ಊಟಿ ದಾಟಿ ಕೆಳಗಿಳಿದು ಉಳಿದುಕೊಳ್ಳಿ. ಬೆಳಗ್ಗೆ ನಿಮ್ಮನ್ನು ಗಾಡಿ ಹತ್ತಿಸಿ, ಕಾರನ್ನು ಡ್ರೈವರ್ ರಸ್ತೆಯಲ್ಲಿ ಕೂನೂರಿಗೆ ತರಲಿ. ಗಾಡಿ ಅಲ್ಲಿ ಮುಟ್ಟುವುದು ಹತ್ತೂವರೆ ಸುಮಾರಿಗೆ.

ಏರುವ ಟಿಕೆಟ್ ಸಿಗದಿದ್ದರೆ ಊಟಿಯಿಂದ ಮಧ್ಯಾಹ್ನ 2ಕ್ಕೆ ಹೊರಡುವ, ಮೆಟ್ಟುಪಾಳ್ಯಂವರೆಗೂ ಹೋಗುವ ಗಾಡಿ ನೋಡಿ. ಇಳಿಯುವಾಗ ಎಂಜಿನ್ ಮುಂದಿರುತ್ತದೆ, ಆದರೆ ದುಡಿಮೆಯ ಸದ್ದಿಲ್ಲ. ಉಗಿ ನಿಲ್ಲಿಸಿ, ಸಿಲಿಂಡರುಗಳು ಗಾಳಿಯನ್ನು ಒತ್ತುವಂತೆ ಮಾಡಿ ಅದರಿಂದಲೇ ವೇಗ ತಡೆಯುತ್ತಾರೆ. ಒತ್ತಿದ ಗಾಳಿ ಕಾಯುವುದರಿಂದ ಸಿಲಿಂಡರ್ ತಣ್ಣಗಿಡಲು ಒಂದಿಷ್ಟು ನೀರು ಬಿಡುತ್ತಾರೆ. ಚಕ್ರಕ್ಕೆ ಒತ್ತುವ ಬ್ರೇಕ್ ಬ್ಲಾಕುಗಳನ್ನೇ ನಂಬಿ ಅಷ್ಟು ದೂರ ಇಳಿದರೆ ಅವು ಕಾದು ಹಿಡಿತ ಬಿಡುತ್ತವೆ.

ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ. ಕಲ್ಲಾರ್ ಮತ್ತು ಕೂನೂರಿನ ನಡುವೆ ಗುಡ್ಡ ಕುಸಿದು, ಬಂಡೆ ಉರುಳಿ ಹಳಿ ಮುಚ್ಚುವುದು ಈ ತಿಂಗಳುಗಳಲ್ಲೇ. ಗಾಡಿ ದಿನಗಟ್ಟಲೆ ರದ್ದಾಗುತ್ತದೆ. ಆ ಹೊತ್ತಿನಲ್ಲಿ ಟಿಕೆಟ್ ಇದ್ದರೆ ಹಿಂದಿನ ಸಂಜೆ ವಿಚಾರಿಸಿಯೇ ಮೆಟ್ಟುಪಾಳ್ಯಂಗೆ ಇಳಿಯಿರಿ. ಜನವರಿಯಿಂದ ಮಾರ್ಚ್‌ವರೆಗಿನ ವಾರದ ದಿನಗಳು ಎಲ್ಲಕ್ಕಿಂತ ಒಳ್ಳೆಯವು: ಹಳಿ ಒಣಗಿರುತ್ತದೆ, ಜನ ಕಡಿಮೆ, ಚಳಿಗೆ ಚಿಮಣಿಯ ಉಗಿ ಬೆಳ್ಳಗೆ ಎದ್ದು ಕಾಣುತ್ತದೆ.