ಸ್ಯಾಬತ್ತಾ ಜೆಪ್ಪೆಲಿನ್ನಾ, ಮೊದ್ಲು ಯಾವ್ದು ಕೇಳೋದು?

ಈಗಷ್ಟೇ ರಾಕ್ ಕೇಳೋಕೆ ಶುರು ಮಾಡೋರಿಗೆಲ್ಲ ಇದೇ ಡೌಟು, ಬ್ಲ್ಯಾಕ್ ಸ್ಯಾಬತ್ತಿಂದ ಶುರು ಮಾಡ್ಲಾ ಲೆಡ್ ಜೆಪ್ಪೆಲಿನ್ನಿಂದಾನಾ ಅಂತ. ಎರಡೂ ಇಂಗ್ಲೆಂಡಿನ ಬ್ಯಾಂಡುಗಳೇ, ಎರಡೂ ಹುಟ್ಟಿದ್ದು 1968ರಲ್ಲೇ, ಬೇರು ಎರಡಕ್ಕೂ ಅಮೆರಿಕದ ಕಪ್ಪು ಜನರ ಸಂಗೀತ ಬ್ಲೂಸೇ. ಆದ್ರೆ ಬೆಳೆದ ಮನೆ ಬೇರೆ.

ಜೆಪ್ಪೆಲಿನ್‌ನ ಜಿಮ್ಮಿ ಪೇಜ್, ಜಾನ್ ಪಾಲ್ ಜೋನ್ಸ್ ಇಬ್ರೂ ಲಂಡನ್ ಸ್ಟುಡಿಯೋಗಳಲ್ಲಿ ಬೇರೆಯವರ ಹಾಡಿಗೆ ನುಡಿಸಿ ನುಡಿಸಿ ಪಳಗಿದೋರು, ಹಂಗಾಗಿ ಬ್ಲೂಸೂ ಸಿಗತ್ತೆ, ಜಾನಪದದ ಥರ ಅಕೌಸ್ಟಿಕ್ಕೂ (ಕರೆಂಟಿಲ್ಲದ ಗಿಟಾರು) ಸಿಗತ್ತೆ. 1971ರ ನಾಲ್ಕನೇ ಆಲ್ಬಮ್ಮಿನ ಕೊನೇ ಹಾಡು ಹಾಕಿ ನೋಡಿ, ಡ್ರಮ್ಸನ್ನ ಹಳೇ ಮನೆಯೊಂದರ ಮೆಟ್ಟಿಲ ಬುಡದಲ್ಲಿಟ್ಟು ಮೈಕನ್ನ ಮೇಲಿಂದ ಇಳಿಬಿಟ್ಟು ರೆಕಾರ್ಡ್ ಮಾಡಿದ್ದು, ಎದೆಗೇ ಗುದ್ದಿದಂಗಾಗತ್ತೆ.

ಸ್ಯಾಬತ್‌ದು ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆ ಏರಿಯಾ. ಗಿಟಾರಿಸ್ಟ್ ಟೋನಿ ಅಯೋಮಿ 17ನೇ ವಯಸ್ಸಲ್ಲಿ ತಗಡಿನ ಕಾರ್ಖಾನೆ ಮಷೀನಿಗೆ ಬಲಗೈಯ ಎರಡು ಬೆರಳ ತುದಿ ಕಳ್ಕೊಂಡ, ಎಡಚ ಆದ್ರಿಂದ ತಂತಿ ಒತ್ತೋದೇ ಆ ಕೈ, ಕೊನೆಗೆ ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡ, ಮುಂದೆ ತಂತಿ ಸಡಿಲ ಮಾಡಿ ಸ್ವರಾನೇ ಇಳಿಸ್ದ. ಹೆವಿ ಮೆಟಲ್ ಅನ್ನೋ ಗಡಸು ರಾಕಿನ ಆ ಭಾರದ ಸದ್ದಿಗೆ ಇದೂ ಒಂದು ಕಾರಣ. 1970ರ ಮೊದಲ ಆಲ್ಬಮ್ ರೆಕಾರ್ಡ್ ಆಗಿದ್ದು ಹೆಚ್ಚುಕಡಿಮೆ ಒಂದೇ ದಿನದಲ್ಲಿ! ಅದರ ಶುರುವಲ್ಲೇ ಮಳೆ, ಗಂಟೆ ಸದ್ದು, ಆಮೇಲೆ ಮೂರೇ ಸ್ವರ.

ಮುಂದೆ ಮೆಟಾಲಿಕಾ, ಐರನ್ ಮೇಡನ್ ಥರದ ಮೆಟಲ್ ಬ್ಯಾಂಡುಗಳ ಕಡೆ ಹೋಗೋ ಪ್ಲಾನ್ ಇದ್ರೆ ಸ್ಯಾಬತ್ತೇ. ವೆರೈಟಿ ಬೇಕು, ಗಾಯಕ ರಾಬರ್ಟ್ ಪ್ಲಾಂಟ್ ಗಂಟಲಿನ ಕಸರತ್ತು ಬೇಕು ಅಂದ್ರೆ ಜೆಪ್ಪೆಲಿನ್. ನಾನಂತೂ ನೈಟ್ ಬಸ್ಸಲ್ಲಿ ಸ್ಯಾಬತ್, ಮನೇಲಿ ಅಮ್ಮ ಇದ್ದಾಗ ಜೆಪ್ಪೆಲಿನ್.