ಶಾಲೆಯ ಗಂಟೆಯೊಳಗೆ ಯಾವ ಕೆಲಸ? ಮಾಡಿ ನೋಡಿದವಳ ಹೋಲಿಕೆ

ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಸಿಗುವ ಹೊತ್ತಿನಲ್ಲಿ ಏನಾದರೂ ಸಂಪಾದನೆ ಮಾಡಬೇಕೆಂದು ಹೊರಡುವ ತಾಯಂದಿರು ಮೊದಲು ನೋಡುವುದು ಕೆಲಸದ ವೇಳೆಯನ್ನು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರೂವರೆಯವರೆಗೆ ಶಾಲೆಯೆಂದರೆ ಆರೂವರೆ ಗಂಟೆ ಕೈಯಲ್ಲಿದೆ ಎಂದು ಎಲ್ಲರೂ ಲೆಕ್ಕ ಹಾಕುತ್ತೇವೆ. ಮೈಸೂರಿನ ಕುವೆಂಪುನಗರದಲ್ಲಿ ವಾಸವಿದ್ದು, ಪ್ರಾಥಮಿಕ ಶಾಲೆಯಲ್ಲಿ ಓದುವ ಇಬ್ಬರು ಮಕ್ಕಳನ್ನು ನೋಡಿಕೊಳ್ಳುತ್ತ, ಓದಿದ ಬಿ.ಕಾಂ. ಬೇಕಾದ ಕೆಲಸಗಳನ್ನೂ ಬೇಡದ ಕೆಲಸಗಳನ್ನೂ ಮಾಡಿ ನೋಡಿದ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ದಿನದ ವೇಳೆ ಹೊಂದುವುದಕ್ಕಿಂತ ಶಾಲೆಯ ಇಡೀ ವರ್ಷದ ರಜಾಪಟ್ಟಿಗೆ ಹೊಂದುವುದು ಮುಖ್ಯ, ಅದಕ್ಕಿಂತಲೂ ಮುಖ್ಯವಾದದ್ದು, ಮಗುವಿಗೆ ಜ್ವರ ಬಂದ ದಿನ ಆ ಕೆಲಸವನ್ನು ಕೆಳಗಿಟ್ಟು ಮರುದಿನ ಅಲ್ಲಿಂದಲೇ ಎತ್ತಿಕೊಳ್ಳಲು ಆಗುತ್ತದೆಯೇ ಎಂಬುದು.

ಆರೂವರೆ ಗಂಟೆ ಎಂಬುದೂ ಕಾಗದದ ಮೇಲಿನ ಮಾತು. ಮಕ್ಕಳನ್ನು ಬಿಟ್ಟು, ಮನೆಗೆ ಬಂದು, ಮತ್ತೆ ಸಿದ್ಧಳಾಗಿ ಬಸ್ಸು ಹಿಡಿದು ಕೆಲಸದ ಜಾಗ ಸೇರುವ ವೇಳೆಗೆ ಹತ್ತಾಗಿರುತ್ತದೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಇರಬೇಕಾದರೆ ಎರಡೂವರೆಗೆ ಅಲ್ಲಿಂದ ಹೊರಡಬೇಕು. ಶನಿವಾರ ಅರ್ಧ ದಿನ ಮಾತ್ರ ಶಾಲೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ, ಆಮೇಲೆ ದಸರಾ ರಜೆ, ನಡುವೆ ಹಬ್ಬಗಳು, ಜಯಂತಿಗಳು. ಕರಾವಳಿ ಮತ್ತು ಮಲೆನಾಡಿನ ತಾಯಂದಿರಿಗೆ ಇದರ ಜೊತೆಗೆ ಜೋರು ಮಳೆಯೆಂದು ಜಿಲ್ಲಾಧಿಕಾರಿಗಳು ಹಿಂದಿನ ರಾತ್ರಿ ಘೋಷಿಸುವ ರಜೆಯೂ ಸೇರುತ್ತದೆ. ಹೀಗೆ ನೋಡಿದಾಗ ಕೆಲಸಗಳ ಗುಣದೋಷ ಬೇರೆಯಾಗಿಯೇ ಕಾಣುತ್ತದೆ.

ಮೊದಲು ಮಾಡಿದ್ದು ಮನೆಯ ಹತ್ತಿರದ ಒಂದು ಖಾಸಗಿ ಶಿಶುವಿಹಾರದಲ್ಲಿ ಸಹಾಯಕ ಶಿಕ್ಷಕಿಯ ಕೆಲಸ. ವೇಳೆಯ ದೃಷ್ಟಿಯಿಂದ ಇದಕ್ಕಿಂತ ಹೊಂದುವ ಕೆಲಸ ಇನ್ನೊಂದಿಲ್ಲ. ಒಂಬತ್ತೂವರೆಗೆ ಆರಂಭ, ಹನ್ನೆರಡೂವರೆಗೆ ಮುಕ್ತಾಯ, ಮಕ್ಕಳಿಗೆ ರಜೆಯಿದ್ದ ದಿನ ನನಗೂ ರಜೆ. ನೆಂಟರಿಷ್ಟರೆಲ್ಲ ಇದೇ ಸರಿಯಾದ ಕೆಲಸವೆಂದರು. ಆದರೆ ಮೂರು ವರ್ಷದ ಇಪ್ಪತ್ತು ಇಪ್ಪತ್ತೈದು ಮಕ್ಕಳು ತುಂಬಿದ ಕೋಣೆಯನ್ನು ಬಿಟ್ಟು ಬರಲು ಯಾವ ದಿನವೂ ಸುಲಭವಲ್ಲ. ನನ್ನ ಮಗಳಿಗೆ ಜ್ವರ ಬಂದ ಬೆಳಿಗ್ಗೆ ಎಂಟು ಗಂಟೆಗೆ ಫೋನು ಮಾಡಿ ರಜೆ ಕೇಳಿದರೆ ಅಲ್ಲಿನ ಮುಖ್ಯಸ್ಥೆಗೆ ಬೇರೆ ದಾರಿಯೇ ಇರುತ್ತಿರಲಿಲ್ಲ; ಆಯಾ ಒಬ್ಬರೇ ಅಷ್ಟೂ ಮಕ್ಕಳನ್ನು ಹಿಡಿದಿಟ್ಟುಕೊಳ್ಳಬೇಕಾಗುತ್ತಿತ್ತು. ಅವರ ಅಸಮಾಧಾನ ನ್ಯಾಯವಾದದ್ದೇ. ವೇಳೆ ಅತ್ಯಂತ ಚೆನ್ನಾಗಿ ಹೊಂದುವ ಕೆಲಸದಲ್ಲೇ ಒಂದು ದಿನದ ಬಿಡುವು ಪಡೆಯುವುದು ಅತ್ಯಂತ ಕಷ್ಟ ಎಂಬುದು ನನಗೆ ಅಲ್ಲಿ ಸ್ಪಷ್ಟವಾಯಿತು. ಸಂಬಳವೂ ಕಡಿಮೆ, ಮೇಲಾಗಿ ಬೇಸಿಗೆಯ ತಿಂಗಳುಗಳಿಗೆ ಸಂಬಳವಿಲ್ಲ ಎಂಬುದು ಅಲ್ಲಿನ ಪದ್ಧತಿಯಾಗಿತ್ತು. ಇಂಥ ಕೆಲಸಕ್ಕೆ ಸೇರುವವರು ತಿಂಗಳ ಸಂಬಳವನ್ನು ಹನ್ನೆರಡರಿಂದ ಗುಣಿಸದೆ, ಹತ್ತರಿಂದ ಗುಣಿಸಿ ವರ್ಷದ ಆದಾಯವನ್ನು ನೋಡುವುದು ಒಳ್ಳೆಯದು.

ಮನೆಪಾಠವನ್ನು ನಾನು ಹೆಚ್ಚು ಆಸೆಯಿಂದ ಆರಂಭಿಸಿದೆ. ಬಂಡವಾಳ ಬೇಡ, ಓಡಾಟವಿಲ್ಲ, ಒಂದು ಚಾಪೆ ಮತ್ತು ಒಂದು ಕರಿಹಲಗೆ ಇದ್ದರೆ ಸಾಕು. ನಮ್ಮ ಬಡಾವಣೆಯಲ್ಲಿ ಪ್ರಾಥಮಿಕ ತರಗತಿಯ ಮಗುವಿಗೆ ತಿಂಗಳಿಗೆ ಐನೂರು ರೂಪಾಯಿಯಂತೆ ಕೊಡಲು ಪೋಷಕರು ಹಿಂಜರಿಯುವುದಿಲ್ಲ, ಎಂಟು ಹತ್ತು ಮಕ್ಕಳು ಸೇರಿದರೆ ಶಿಶುವಿಹಾರದ ಸಂಬಳದ ಸಮಕ್ಕೆ ಬರುತ್ತದೆ. ಆದರೆ ಮನೆಪಾಠದ ಹೊತ್ತೆಂದರೆ ಸಂಜೆ ಐದರಿಂದ ಏಳು. ಶಾಲೆಯ ವೇಳೆಯಲ್ಲಿ ನಾನು ಖಾಲಿ ಕೂತಿರುತ್ತಿದ್ದೆ, ನನ್ನ ಮಕ್ಕಳು ಮನೆಗೆ ಬಂದು ಮಾತಾಡಬೇಕೆನ್ನುವ ಹೊತ್ತಿಗೆ ಬೇರೆಯವರ ಮಕ್ಕಳ ಲೆಕ್ಕ ತಿದ್ದುತ್ತಿದ್ದೆ. ನನ್ನ ಮಗ ಹಜಾರದ ಮೂಲೆಯಲ್ಲಿ ತಿಂಡಿಯ ತಟ್ಟೆ ಹಿಡಿದು ಕೂತು, ಪಾಠ ಮುಗಿಯುವವರೆಗೆ ತನ್ನ ಪ್ರಶ್ನೆಯನ್ನು ನುಂಗಿಕೊಂಡಿರುತ್ತಿದ್ದ. ಪರೀಕ್ಷೆ ಹತ್ತಿರ ಬಂದಾಗಲಂತೂ ಪೋಷಕರು ಭಾನುವಾರವೂ ಕಳಿಸುತ್ತೇವೆನ್ನುತ್ತಾರೆ, ನಮ್ಮ ಮಕ್ಕಳಿಗೂ ಪರೀಕ್ಷೆ ಅದೇ ವಾರದಲ್ಲಿರುತ್ತದೆ. ಏಪ್ರಿಲ್ ಬಂತೆಂದರೆ ಚಾಪೆ ಖಾಲಿ. ಮಗು ಕಾಯಿಲೆ ಬಿದ್ದ ದಿನ ಪಾಠವನ್ನು ಮುಂದೂಡಬಹುದೆಂಬುದು ನಿಜ, ಆದರೆ ತಿಂಗಳಲ್ಲಿ ಎರಡು ಬಾರಿ ಹಾಗೆ ಮಾಡಿದರೆ ಮುಂದಿನ ಬೀದಿಯ ಟ್ಯೂಷನ್‌ಗೆ ಮಕ್ಕಳು ಹೊರಟುಹೋಗುತ್ತಾರೆ.

ಸೀರೆಗೆ ಕುಚ್ಚು ಕಟ್ಟುವ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದನ್ನು ಹಗುರವಾಗಿ ಕಾಣುವವರೇ ಹೆಚ್ಚು. ಅಂಗಡಿಯವರು ಸೀರೆ ಕೊಡುತ್ತಾರೆ, ಫಾಲ್ಸ್ ಹೊಲಿದು, ಅಂಚಿಗೆ ಪೀಕೋ ಹಾಕಿಸಿ, ಸೆರಗಿಗೆ ಕುಚ್ಚು ಕಟ್ಟಿ ಹಿಂದಿರುಗಿಸಬೇಕು. ಕೂಲಿ ಸೀರೆಗೆ ಇಷ್ಟೆಂದು ನಿಗದಿಯಾಗಿರುತ್ತದೆ. ಸೆರಗಿನ ತುದಿಯ ನೂಲನ್ನು ಬಿಡಿಸಿ, ಸಮನಾದ ಎಳೆಗಳ ಗುಂಪು ಮಾಡಿ, ಒಂದೇ ಎತ್ತರದಲ್ಲಿ ಗಂಟು ಬೀಳುವಂತೆ ಬಿಗಿಯುವ ಸಾದಾ ಕುಚ್ಚಿಗೆ ಕೂಲಿ ಕಡಿಮೆ. ಕ್ರೋಶಾ ಸೂಜಿಯಲ್ಲಿ ಬಲೆ ಹೆಣೆದು, ಮಣಿ ಪೋಣಿಸಿ, ಎರಡು ಬಣ್ಣದ ರೇಷ್ಮೆ ದಾರದಲ್ಲಿ ಕಟ್ಟುವುದಕ್ಕೆ ಅದರ ಹಲವು ಪಟ್ಟು. ದಾರದ ಬಣ್ಣವನ್ನು ಹೊಂದಿಸುವುದೇ ಇದರಲ್ಲಿ ನಿಜವಾದ ಕೌಶಲ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಎಂದು ಕಂಡ ನೇರಳೆ ದಾರ ಮತ್ತು ನೇರಳೆ ಅಂಚು, ಬೆಳಿಗ್ಗೆ ಕಿಟಕಿಯ ಬಳಿ ಹಿಡಿದಾಗ ಒಂದು ನೀಲಿಯ ಕಡೆಗೆ, ಇನ್ನೊಂದು ಕೆಂಪಿನ ಕಡೆಗೆ ಜಾರುತ್ತವೆ. ಆದ್ದರಿಂದ ಬಣ್ಣ ಆರಿಸುವುದನ್ನೂ ಸಣ್ಣ ಮಣಿ ಪೋಣಿಸುವುದನ್ನೂ ಹಗಲಿನ ಬೆಳಕಿನಲ್ಲೇ ಮಾಡಬೇಕು, ಅಂದರೆ ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲೇ.

ಕೆಳಗಿಟ್ಟು ಎತ್ತಿಕೊಳ್ಳುವ ವಿಷಯದಲ್ಲಿ ಕುಚ್ಚಿನ ಕೆಲಸವನ್ನು ಮೀರಿಸುವುದು ಯಾವುದೂ ಇಲ್ಲ. ಮಗಳಿಗೆ ಜ್ವರವಿದ್ದಾಗ ಅವಳ ಹಾಸಿಗೆಯ ಪಕ್ಕದಲ್ಲೇ ಕೂತು ಗಂಟು ಹಾಕಿದ್ದೇನೆ, ಅವಳು ಕರೆದಾಗ ಸೀರೆಯನ್ನು ಮಡಿಸಿ ಬೀರುವಿನಲ್ಲಿಟ್ಟು ಎದ್ದಿದ್ದೇನೆ. ತೊಂದರೆ ಇರುವುದು ವರ್ಷದ ಲೆಕ್ಕದಲ್ಲಿ. ಆಷಾಢದಲ್ಲಿ ಮದುವೆಗಳಿಲ್ಲವಾದ್ದರಿಂದ ಕೆಲಸ ಇಳಿಯುತ್ತದೆ, ಶ್ರಾವಣದ ವರಮಹಾಲಕ್ಷ್ಮಿ ವ್ರತಕ್ಕೆಂದು ಮತ್ತೆ ಏರುತ್ತದೆ, ಅದು ಶಾಲೆ ನಡೆಯುವ ಕಾಲವಾದ್ದರಿಂದ ಚಿಂತೆಯಿಲ್ಲ. ಆದರೆ ಅತಿ ಹೆಚ್ಚು ಸೀರೆಗಳು ಬರುವುದು ಏಪ್ರಿಲ್ ಮತ್ತು ಮೇ ತಿಂಗಳ ಮದುವೆಗಳಿಗೆ, ಅಂದರೆ ಮಕ್ಕಳು ದಿನವಿಡೀ ಮನೆಯಲ್ಲಿರುವ ಕಾಲಕ್ಕೆ. ಸಾವಿರಾರು ರೂಪಾಯಿಯ ಸೀರೆಯ ಮೇಲೆ ಮಾವಿನಹಣ್ಣಿನ ಕೈ ಬೀಳದಂತೆ ಕಾಯುವುದೇ ಒಂದು ಕೆಲಸ. ಕೂಲಿಯೂ ಕೈಗೆ ಬರುವುದು ನಿಧಾನ. ನನಗೆ ಸೀರೆ ಕೊಡುತ್ತಿದ್ದ ಒಂದು ಅಂಗಡಿಯಲ್ಲಿ ತಿಂಗಳ ಹಣಕ್ಕೆ ಪದೇಪದೇ ಹೋಗಿ ನಿಲ್ಲಬೇಕಾಯಿತು. ಅಂಗಡಿಯ ಮೂಲಕ ಹೋಗದೆ ನೆರೆಹೊರೆಯವರಿಂದ ನೇರವಾಗಿ ಸೀರೆ ತೆಗೆದುಕೊಳ್ಳಲು ಆರಂಭಿಸಿದ ಮೇಲೆ ಕೂಲಿ ಹೆಚ್ಚಿತು, ಹಣವೂ ಸೀರೆ ಕೊಟ್ಟ ದಿನವೇ ಬಂತು. ಕೈಕೆಲಸ ಬಲ್ಲವರಿಗೆ ನಾನು ಇದೇ ದಾರಿಯನ್ನು ಹೇಳುತ್ತೇನೆ.

ಜೀವ ವಿಮೆಯ ಏಜೆನ್ಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತನೆಯ ತರಗತಿ ಪಾಸಾಗಿದ್ದರೆ ತರಬೇತಿ ಪಡೆದು ಪರೀಕ್ಷೆ ಬರೆಯಬಹುದು. 2024ರ ಡಿಸೆಂಬರ್ 9ರಂದು ಆರಂಭವಾದ ಎಲ್‌ಐಸಿಯ ಬಿಮಾ ಸಖಿ ಯೋಜನೆಯಲ್ಲಿ ಮಹಿಳೆಯರಿಗೆ ಮೊದಲ ವರ್ಷ ತಿಂಗಳಿಗೆ 7,000 ರೂಪಾಯಿ, ಎರಡನೆಯ ವರ್ಷ 6,000, ಮೂರನೆಯ ವರ್ಷ 5,000 ರೂಪಾಯಿ ಪ್ರೋತ್ಸಾಹಧನವೂ ಇದೆ, ಅದಕ್ಕೆ ನಿಗದಿತ ಗುರಿ ಮುಟ್ಟಬೇಕು. ಸಮಯ ನಮ್ಮದೇ ಎಂದು ಎಲ್ಲರೂ ಹೇಳುತ್ತಾರೆ. ವಾಸ್ತವದಲ್ಲಿ ಪಾಲಿಸಿ ತೆಗೆದುಕೊಳ್ಳಬಲ್ಲ ಸಂಬಳದಾರರು ಮನೆಯಲ್ಲಿ ಸಿಗುವುದು ಸಂಜೆ ಏಳರ ನಂತರ ಮತ್ತು ಭಾನುವಾರ. ಮನೆಯಲ್ಲಿ ಅತ್ತೆಯೋ ಅಮ್ಮನೋ ಇದ್ದು ಸಂಜೆ ಮಕ್ಕಳನ್ನು ನೋಡಿಕೊಳ್ಳುವುದಾದರೆ ಮಾತ್ರ ಇದು ನಡೆಯುತ್ತದೆ. ನಮ್ಮ ಮನೆಯಲ್ಲಿ ಆ ಅನುಕೂಲವಿರಲಿಲ್ಲ.

ಈಗ ನಾನು ನೆಲೆ ನಿಂತಿರುವುದು ಸರಸ್ವತಿಪುರಂನ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ. ಅಂಗಡಿಗಳ ಬಿಲ್ಲು ಮತ್ತು ವೋಚರುಗಳನ್ನು ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶಕ್ಕೆ ಏರಿಸುವುದು, ಬ್ಯಾಂಕಿನ ಖಾತೆಯೊಂದಿಗೆ ತಾಳೆ ನೋಡುವುದು, ಜಿಎಸ್‌ಟಿ ರಿಟರ್ನ್‌ಗೆ ಅಂಕಿಅಂಶ ಸಿದ್ಧಪಡಿಸುವುದು ನನ್ನ ಕೆಲಸ. ಮೇಲ್ನೋಟಕ್ಕೆ ಇದು ಶಾಲೆಯ ವೇಳೆಗೆ ಹೊಂದುವ ಕೆಲಸವೇ ಅಲ್ಲ, ಕಚೇರಿ ನಡೆಯುವುದು ಹತ್ತರಿಂದ ಏಳರವರೆಗೆ. ಆದರೆ ಈ ಕೆಲಸಕ್ಕೆ ತನ್ನದೇ ಒಂದು ಲಯವಿದೆ, ಅದು ಮೊದಲೇ ಗೊತ್ತಿರುವ ಲಯ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ವ್ಯಾಪಾರಿಗಳ ಮಾರಾಟದ ವಿವರ 11ನೆಯ ತಾರೀಖಿನೊಳಗೆ ಹೋಗಬೇಕು, 14ರಂದು ಖರೀದಿಯ ಹೊಂದಾಣಿಕೆಗೆ ಬೇಕಾದ ಪಟ್ಟಿ ಪೋರ್ಟಲ್‌ನಲ್ಲಿ ಸಿದ್ಧವಾಗುತ್ತದೆ, 20ರೊಳಗೆ ತೆರಿಗೆ ಕಟ್ಟಿ ಮಾಸಿಕ ರಿಟರ್ನ್ ಸಲ್ಲಿಸಬೇಕು. ಹಾಗಾಗಿ 14ರಿಂದ 20ರವರೆಗಿನ ವಾರ ಉಸಿರುಗಟ್ಟಿಸುತ್ತದೆ, ತಿಂಗಳ ಕೊನೆಯ ವಾರ ಸಾವಕಾಶವಾಗಿರುತ್ತದೆ. ಒಬ್ಬ ವ್ಯಾಪಾರಿಯ ಖರೀದಿ ಬಿಲ್ಲುಗಳ ಕಟ್ಟನ್ನು ಅರ್ಧಕ್ಕೆ ನಿಲ್ಲಿಸಿ, ಕೊನೆಯ ವೋಚರಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ ಬಂದರೆ ಮರುದಿನ ಅಲ್ಲಿಂದಲೇ ಮುಂದುವರಿಸಬಹುದು. ನಾನಿಲ್ಲದ ಒಂದು ದಿನದಿಂದ ಯಾವ ಮಗುವೂ ಅಳುವುದಿಲ್ಲ.

ಸೇರುವ ಮುನ್ನ ನಾನು ಇಡೀ ತಿಂಗಳಿನ ಲೆಕ್ಕವನ್ನೇ ಮುಂದಿಟ್ಟು ಮಾತಾಡಿದೆ. "ಸರ್, 14ರಿಂದ 20ರವರೆಗೆ ಮಕ್ಕಳನ್ನು ಆಟೋದಲ್ಲಿ ಕರೆಸಿಕೊಂಡು ನಾನು ಸಂಜೆ ನಾಲ್ಕರವರೆಗೂ ಇರುತ್ತೇನೆ, ಉಳಿದ ದಿನಗಳಲ್ಲಿ ಎರಡೂವರೆಗೆ ಹೊರಡುತ್ತೇನೆ, ಶನಿವಾರ ಬರುವುದಿಲ್ಲ" ಎಂದೆ. ಅವರು ಕ್ಷಣ ಯೋಚಿಸಿ, "ಆಗಲಿ ಮೇಡಂ, 20ನೇ ತಾರೀಖು ತಪ್ಪಬಾರದು, ಅಷ್ಟೇ" ಎಂದರು. ಅರೆಕಾಲಿಕ ಕೆಲಸ ಕೇಳುವಾಗ ನಮಗೆ ಯಾವ ಹೊತ್ತಿನಲ್ಲಿ ಆಗುವುದಿಲ್ಲ ಎಂಬುದನ್ನಷ್ಟೇ ಹೇಳದೆ, ಅವರಿಗೆ ಯಾವ ದಿನ ನಮ್ಮ ಅಗತ್ಯ ಹೆಚ್ಚು ಎಂಬುದನ್ನು ತಿಳಿದುಕೊಂಡು ಹೋದರೆ ಮಾತುಕತೆ ಬೇಗ ಕುದುರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕೆಲಸಕ್ಕೂ ಕೊರತೆಗಳಿವೆ. ತೆರಿಗೆ ಲೆಕ್ಕಪರಿಶೋಧನಾ ವರದಿಯ ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್ 30, ದಸರಾ ರಜೆ ಬರುವುದೂ ಹೆಚ್ಚುಕಡಿಮೆ ಆಗಲೇ. ಊರೆಲ್ಲ ದೀಪಾಲಂಕಾರದಲ್ಲಿ ತೊಡಗಿರುವಾಗ, ಮಕ್ಕಳು ವಸ್ತುಪ್ರದರ್ಶನಕ್ಕೆ ಹೋಗೋಣವೆಂದು ಹಟ ಹಿಡಿದಿರುವಾಗ ಕಚೇರಿಯಲ್ಲಿ ಕಡತಗಳ ರಾಶಿ ಬಿದ್ದಿರುತ್ತದೆ. ಇದಕ್ಕೆ ಪೂರ್ಣ ಪರಿಹಾರ ಸಿಕ್ಕಿಲ್ಲ. ಆ ವಾರಗಳಿಗೆ ಅಮ್ಮನನ್ನು ಮಂಡ್ಯದಿಂದ ಕರೆಸಿಕೊಳ್ಳುತ್ತೇನೆ. ಬೇಸಿಗೆ ರಜೆಯಲ್ಲಿ ಬಿಲ್ಲುಗಳನ್ನು ಮನೆಗೆ ತಂದು ಲ್ಯಾಪ್‌ಟಾಪಿನಲ್ಲಿ ಏರಿಸಲು ಕಚೇರಿಯವರು ಒಪ್ಪಿದ್ದಾರೆ, ಆ ತಿಂಗಳುಗಳಲ್ಲಿ ಸಂಬಳದ ಬದಲು ಕೆಲಸದ ಪ್ರಮಾಣಕ್ಕೆ ತಕ್ಕ ಹಣ.

ಓಡಾಟದ ಖರ್ಚನ್ನು ಹೋಲಿಕೆಯಲ್ಲಿ ಸೇರಿಸದಿದ್ದರೆ ಲೆಕ್ಕ ಪೂರ್ಣವಾಗದು. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ನಗರ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ನನಗೆ ಟಿಕೆಟ್ಟಿನ ಖರ್ಚಿಲ್ಲ. ಇಡೀ ದಿನದ ಸಂಬಳ ಪಡೆಯುವವರಿಗೆ ಬಸ್ಸಿನ ಹಣ ಸಣ್ಣದಾಗಿ ಕಾಣಬಹುದು, ನಾಲ್ಕೂವರೆ ಗಂಟೆಯ ಸಂಬಳಕ್ಕೆ ಹೋಗುವವಳಿಗೆ ಅದು ದೊಡ್ಡ ಭಾಗ. ಕುಚ್ಚಿಗಿಂತ ಕಚೇರಿ ಕೆಲಸ ಹಣದ ದೃಷ್ಟಿಯಿಂದ ನನಗೆ ಮೇಲಾಗಲು ಇದೂ ಒಂದು ಕಾರಣ.

ಫೋನಿನಲ್ಲಿ ಬರುವ "ಮನೆಯಲ್ಲೇ ಕೂತು ಡೇಟಾ ಎಂಟ್ರಿ" ಎಂಬ ಜಾಹೀರಾತುಗಳನ್ನು ನಾನು ಈ ಹೋಲಿಕೆಗೆ ಸೇರಿಸಿಲ್ಲ. ನೋಂದಣಿಗೆಂದೋ ಠೇವಣಿಯೆಂದೋ ಮೊದಲು ನಮ್ಮಿಂದಲೇ ಹಣ ಕೇಳುವುದು ಕೆಲಸವಲ್ಲ, ಮೋಸ. ಹಣ ಕಳೆದುಕೊಂಡವರು ನಾಚಿಕೆಪಟ್ಟು ಸುಮ್ಮನಿರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ನನ್ನ ಆಯ್ಕೆ ನನ್ನ ಮಕ್ಕಳ ವಯಸ್ಸಿಗೆ ಸಂಬಂಧಿಸಿದ್ದು. ಮಕ್ಕಳು ಹೈಸ್ಕೂಲಿಗೆ ಬಂದು ಸಂಜೆ ತಾವೇ ಓದಿಕೊಳ್ಳುವಂತಾದವರಿಗೆ, ಕಲಿಸುವ ಆಸಕ್ತಿಯೂ ಇದ್ದರೆ, ಮನೆಪಾಠವೇ ಹೆಚ್ಚು ಲಾಭದಾಯಕ. ಮಗು ಇನ್ನೂ ಶಾಲೆಗೇ ಸೇರದವರಿಗೆ ಕುಚ್ಚಿನಂಥ ಕೈಕೆಲಸ, ಅದೂ ನೇರವಾಗಿ ಗಿರಾಕಿಗಳಿಂದ ಪಡೆದದ್ದು, ಸರಿಹೋಗುತ್ತದೆ; ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಕೆಲಸ ಸಿಕ್ಕರೆ, ಕಾನೂನಿನಂತೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಲೇಬೇಕಾದ್ದರಿಂದ ಅದನ್ನು ಸಂದರ್ಶನದಲ್ಲೇ ಕೇಳಬಹುದು. ಶಿಶುವಿಹಾರದ ಕೆಲಸವನ್ನು ಮಾತ್ರ, ಮಗುವಿಗೆ ಮೈ ಸರಿಯಿಲ್ಲದ ದಿನ ಮನೆಯಲ್ಲಿ ನೋಡಿಕೊಳ್ಳಲು ಇನ್ನೊಬ್ಬರು ಇದ್ದರಷ್ಟೇ ಒಪ್ಪಿಕೊಳ್ಳಿ ಎನ್ನುತ್ತೇನೆ. ಬೇಸಿಗೆಯ ಸಂಬಳದ ವಿಷಯವನ್ನು ಸೇರುವ ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ.